ಕಳಮೇಶ್ವರದಾಚೆಯ ಚಕ್ಕರ್

ಡಿಸೆಂಬರ್ ತಿಂಗಳ ಒಂದು ಮುಂಜಾನೆ ಕಣ್ಣು ಬಿಟ್ಟರೆ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ನಾಗಪುರದ ಚಳಿ ಕಂಡವರಿಗೆ ಗೊತ್ತು, ಆ ತಿಂಗಳಲ್ಲಿ ಫ್ಯಾನ್ ಹಚ್ಚುವವರು ಒಂದೋ ಹುಚ್ಚರು, ಇಲ್ಲವೇ ನನ್ನ ಗಂಡ.

"ರೀ, ಫ್ಯಾನ್ ಯಾಕ ಹಚ್ಚೀರಿ? ಥಂಡ್ಯಾಗ ನನ್ನ ಸಾಯಿಸಬೇಕಂತ ಮಾಡೀರೇನು?" ಎಂದೆ.

"ಫ್ಯಾನ್ ಆಫ್ ಆಗಿದೆ ಕಣೇ," ಎಂದಿತು ರಜಾಯಿಯೊಳಗಿನ ದನಿ.

"ಮತ್ತ ತಿರಗಾಕತ್ತೈತಲ್ಲ?"

"ಇಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ಇವರು ನನ್ನ ಮಾತನ್ನು ಇಷ್ಟು ಚುಟುಕಾಗಿ ಅಲ್ಲಗಳೆದದ್ದು ಅದೇ ಮೊದಲು. ಸ್ವಿಚ್ ತೋರಿಸಿ ಬಾಯಿ ಮುಚ್ಚಿಸಬೇಕೆಂದು ದಡಕ್ಕನೆ ಎದ್ದೆ. ಫ್ಯಾನಿನ ಹಿಂದೆಯೇ ಕಪಾಟು ಹೊರಟಿತು, ಕಿಟಕಿ ಹೊರಟಿತು, ಕ್ಯಾಲೆಂಡರಿನ ಮೇಲಿನ ಲಕ್ಷ್ಮಿಯೂ ಹೊರಟಳು. ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟೆ. ನಾನು ಶಾಲೆಯಲ್ಲಿ ಭೂಗೋಳ ಕಲಿಸುವವಳು. ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನನಗೇ ನಂಬಿಕೆ ಬಂದದ್ದು ಆವತ್ತು.

ನಮ್ಮ ಮನೆಯ ಬಗ್ಗೆ ಇಲ್ಲೇ ಎರಡು ಮಾತು ಹೇಳಿಬಿಡಬೇಕು, ಯಾಕೆಂದರೆ ನನ್ನ ಕಾಯಿಲೆ ಅರ್ಧ ಕಿವಿಯಲ್ಲಿದ್ದರೆ ಇನ್ನರ್ಧ ನಮ್ಮ ಮನೆಯ ಭಾಷೆಯಲ್ಲಿತ್ತು. ನಾನು ಗದಗಿನವಳು. ಇವರು ಮೈಸೂರಿನವರು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಲೆಕ್ಕ ಪರಿಶೀಲಿಸುವ ಕೆಲಸ. ಮಗಳು ಅನಘಾ ಹುಟ್ಟಿ ಬೆಳೆದದ್ದು ನಾಗಪುರದಲ್ಲೇ. ಅವಳು ಒಂದು ವಾಕ್ಯವನ್ನು ಕನ್ನಡದಲ್ಲಿ ಶುರುಮಾಡಿದರೆ ಅದು ಮರಾಠಿಯಲ್ಲಿ ಊಟಮಾಡಿ ಹಿಂದಿಯಲ್ಲಿ ಮಲಗುತ್ತದೆ. ಮೂವರೂ ಒಬ್ಬರಿಗೊಬ್ಬರು ಅರ್ಥವಾಗುತ್ತೇವೆ ಎಂಬ ಧೈರ್ಯದಲ್ಲಿ ಸಂಸಾರ ನಡೆದಿತ್ತು.

ಇನ್ನು ನನ್ನ ಸೈಕಲ್. ಮಗಳು ಹೈಸ್ಕೂಲಿಗೆ ಬಂದ ವರ್ಷ ನನ್ನ ಜೊತೆ ಕೆಲಸ ಮಾಡುವ ಕುಂದಾತಾಯಿ ನನ್ನನ್ನು ಈ ಚಟಕ್ಕೆ ಹಚ್ಚಿದರು. ನಮ್ಮಿಬ್ಬರ ಜೊತೆ ಇನ್ನಿಬ್ಬರು ಟೀಚರುಗಳು. ದಿನಾ ಬೆಳಿಗ್ಗೆ ಊರ ಹೊರಗೆ ಒಂದು ಸುತ್ತು, ಭಾನುವಾರ ದೊಡ್ಡ ಸುತ್ತು. ನಾಗಪುರದಲ್ಲಿ ಏರು ಎಂದರೆ ಫ್ಲೈಓವರ್ ಎಂದು ತಿಳಿದವರೇ ಹೆಚ್ಚು. ಅವರು ಕಳಮೇಶ್ವರದ ಕಾರ್ಖಾನೆಗಳನ್ನೂ ಟ್ರಕ್ಕುಗಳನ್ನೂ ದಾಟಿ ಒಳರಸ್ತೆಗೆ ತಿರುಗಿಲ್ಲ. ಅಲ್ಲಿಂದ ಮುಂದೆ ರಸ್ತೆ ಏರಿದರೆ ಸಾಗವಾನಿ ಕಾಡು, ಇಳಿದರೆ ಸಂತ್ರಾ, ಅಂದರೆ ಕಿತ್ತಳೆ, ತೋಟ. ಮತ್ತೆ ಏರು, ಮತ್ತೆ ಸಂತ್ರಾ. ಒಂದೊಂದು ಸಲ ಒಂದು ತಾಸು ಹೋದರೂ ಎದುರಿಗೆ ಬರುವುದು ಹಾಲಿನ ಕ್ಯಾನ್ ಕಟ್ಟಿದ ಒಂದು ಮೋಟರ್ ಸೈಕಲ್ ಅಷ್ಟೇ. ಸಂತ್ರಾ ಹೂ ಬಿಟ್ಟ ದಿನಗಳಲ್ಲಂತೂ ಆ ವಾಸನೆಗೆ ನಾವು ನಾಲ್ವರೂ ಮಾತು ನಿಲ್ಲಿಸುತ್ತಿದ್ದೆವು. ನಾಲ್ವರು ಟೀಚರುಗಳು ಒಟ್ಟಿಗೆ ಮಾತು ನಿಲ್ಲಿಸುವುದು ಬೇರೆ ಎಲ್ಲೂ ಆಗಿದ್ದಿಲ್ಲ.

ನಮ್ಮ ಕಾಲೊನಿಯ ಮಂದಿ ಇದಕ್ಕೆ ಇಟ್ಟ ಹೆಸರು 'ಚಕ್ಕರ್'. ನಾನು ಮನೆಯಲ್ಲಿಲ್ಲದಾಗ ಯಾರಾದರೂ ಕೇಳಿದರೆ, "ಬಾಯಿ ಚಕ್ಕರ್ ಮಾರಾಯಲಾ ಗೇಲ್ಯಾ" ಎನ್ನುವರು, ಅಮ್ಮಾವರು ಸುತ್ತು ಹೊಡೆಯಲು ಹೋಗಿದ್ದಾರೆ ಎಂದು. ಇವರೂ ಹಾಗೇ ಕಲಿತರು. ಹಿಂದಿ ಮರಾಠಿಯಲ್ಲಿ ತಲೆ ತಿರುಗುವುದಕ್ಕೂ ಚಕ್ಕರ್ ಎಂದೇ ಹೇಳುತ್ತಾರೆ ಎಂಬುದು ಇವರಿಗೆ ಗೊತ್ತಿಲ್ಲದೆ ಇಲ್ಲ. ಆದರೆ ನಮ್ಮ ಮನೆಯಲ್ಲಿ ಆವರೆಗೆ ಯಾರ ತಲೆಯೂ ತಿರುಗಿರಲಿಲ್ಲ.

ಫ್ಯಾನ್ ತಿರುಗಿದ ಆ ಬೆಳಿಗ್ಗೆ ನನ್ನನ್ನು ಆಟೋದಲ್ಲಿ ಹಾಕಿಕೊಂಡು ಕಾಲೊನಿಯ ಡಾಕ್ಟರ ಹತ್ತಿರ ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಗೋಡೆಗೊರಗಿ ಕುಳಿತಿದ್ದೆ, ಮಡಿಲಲ್ಲಿ ಪ್ಲಾಸ್ಟಿಕ್ ಬಕೆಟ್, ಪಕ್ಕದಲ್ಲಿ ಅನಘಾ. ಕಣ್ಣು ಬಿಟ್ಟರೆ ಬಕೆಟ್ಟಿಗೆ ಕೆಲಸ. ಡಾಕ್ಟರು ಬಂದು ನಾಡಿ, ಬಿ.ಪಿ. ನೋಡಿ, ಒಂದು ಚುಚ್ಚುಮದ್ದು ಕೊಟ್ಟು, ಉಳಿದದ್ದನ್ನು ವಿಚಾರಿಸಲು ಇವರನ್ನು ಒಳಗೆ ಕರೆದರು. ಒಳಗೆ ನಡೆದ ಮಾತುಕತೆ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ, ಆಗ ನನ್ನಷ್ಟು ಸಂಕಟಪಡಬೇಕಾಗಿಲ್ಲ.

ಇವರು ಕೂತ ಕೂಡಲೇ, "ಸರ್, ಎಲ್ಲಾ ಆ ಸೈಕಲಿಂದಲೇ," ಎಂದರಂತೆ. ಡಾಕ್ಟರು ಅದನ್ನು ಕಿವಿಗೆ ಹಾಕಿಕೊಳ್ಳದೆ, "ಚಕ್ಕರ್ ಯಾವಾಗಿನಿಂದ?" ಎಂದು ಕೇಳಿದರು. ಸೈಕಲ್ ಮೇಲೆ ಕೂತಿದ್ದ ಇವರ ತಲೆಗೆ ಒಂದೇ ಚಕ್ಕರ್ ಹೊಳೆಯಿತು.

"ಎಂಟು ವರ್ಷದಿಂದ ಸರ್. ದಿನಾ ಬೆಳಿಗ್ಗೆ."

"ದಿನಾ? ಎಷ್ಟು ಹೊತ್ತು?"

"ಎರಡು ತಾಸು. ಭಾನುವಾರ ಐದು ತಾಸೂ ಆಗುತ್ತೆ."

"ಭಾನುವಾರ ಯಾಕೆ ಜಾಸ್ತಿ?"

"ಶಾಲೆಗೆ ರಜ ಅಲ್ವಾ ಸರ್."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ. "ಒಬ್ಬರೇ ಇದ್ದಾಗಲೋ?"

"ಇಲ್ಲ ಇಲ್ಲ, ಇನ್ನೂ ಮೂರು ಜನ ಹೆಂಗಸರಿದ್ದಾರೆ. ಎಲ್ಲರಿಗೂ ಒಟ್ಟಿಗೇ. ಕಳಮೇಶ್ವರದ ಮುಂದೆ, ಕಾಡಿನಲ್ಲಿ."

"ಇಷ್ಟು ವರ್ಷ ನೀವು ಏನೂ ಮಾಡಲಿಲ್ಲವಾ?"

"ಹೇಳಿ ನೋಡಿದೆ ಸರ್, ಕೇಳೋದಿಲ್ಲ. ಅವಳಿಗೆ ಅದರಲ್ಲೇ ಖುಷಿ."

ತಲೆಯ ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ಆ ಮಾತು ಕೇಳಿದ ಯಾರಾದರೂ ಹೇಳುತ್ತಿದ್ದರು.

ಅತ್ತ ಅನಘಾ ಮೈಸೂರಿನಲ್ಲಿರುವ ನಮ್ಮ ಅತ್ತೆಗೆ ಫೋನ್ ಹಚ್ಚಿದಳು. "ಅಜ್ಜೀ, ಮಮ್ಮಿ ಸ್ಕೂಲ್‌ಗೆ ಗೇಲೀಚ್ ನಾಹೀ, ಚಕ್ಕರ್." ಸ್ಕೂಲಿಗೆ ಹೋಗಲೇ ಇಲ್ಲ, ತಲೆ ತಿರುಗುತ್ತಿದೆ ಎಂದು ಅವಳ ಅರ್ಥ. ಮೈಸೂರಿನ ಕಡೆ ಚಕ್ಕರ್ ಎಂದರೆ ಹೇಳದೆ ಕೇಳದೆ ಕೆಲಸ ತಪ್ಪಿಸುವುದು. ಅತ್ತೆಯ ದನಿ ಫೋನಿನಿಂದ ಬೆಂಚಿನವರೆಗೂ ಕೇಳಿಸಿತು. "ಏನು, ಟೀಚರ್ ಆಗಿ ಅವಳೇ ಸ್ಕೂಲಿಗೆ ಚಕ್ಕರ್ ಹೊಡೀತಾಳಾ? ಈ ವಯಸ್ಸಲ್ಲಿ? ಮಕ್ಕಳು ಏನು ಕಲೀಬೇಕು?" ನನಗೆ ನಗು ಬಂತು. ನಕ್ಕರೆ ತಲೆ ಅಲ್ಲಾಡುತ್ತದೆ ಎಂಬುದೂ ಆಗಲೇ ಗೊತ್ತಾಯಿತು, ಬಕೆಟ್ ಬಳಿಗೆ ಬಂತು.

ಸ್ಕ್ಯಾನಿಗೆ ದಿನ ಸಿಗುವವರೆಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಇವರು ನನಗೆ ಕಾಣದಂತೆ ಮೊಬೈಲಿನಲ್ಲಿ ಏನೇನೋ ಓದುತ್ತಿದ್ದರು, ಓದಿದ ಮೇಲೆ ಬಂದು ನನ್ನ ಹೊದಿಕೆ ಸರಿಮಾಡುತ್ತಿದ್ದರು. ಹೊದಿಕೆ ಸರಿಯಾಗೇ ಇರುತ್ತಿತ್ತು. ಅಡುಗೆ ಬಾರದ ಅನಘಾ ದಿನಾ ಖಿಚಡಿ ಮಾಡಿದಳು, ನಾನು ದಿನಾ ಚಲೋ ಆಗೇತಿ ಎಂದೆ. ನನಗೆ ಹೆದರಿಕೆಯಾಗಿತ್ತು. ತಲೆಯಲ್ಲಿ ಗಂಟೋ ಗೆಡ್ಡೆಯೋ ಬೆಳೆದಿದೆ ಎಂದೇ ನಂಬಿಬಿಟ್ಟಿದ್ದೆ. ಆದರೆ ಸಾಯುವುದಕ್ಕಿಂತ ಹೆಚ್ಚಾಗಿ, ಇನ್ನು ಆ ರಸ್ತೆಗೆ ಹೋಗಲಾರೆನೇನೋ ಎಂದು ಅಳು ಬರುತ್ತಿತ್ತು. ಇದನ್ನು ಗಂಡನ ಮುಂದೆ ಹೇಳುವ ಹಾಗಿರಲಿಲ್ಲ, ಮಗಳ ಮುಂದೆಯೂ ಇಲ್ಲ. ನೋಡಲು ಬಂದ ಕುಂದಾತಾಯಿಯ ಮುಂದೆ ಹೇಳಿದೆ. ಆಕೆ ಬುದ್ಧಿ ಹೇಳಲಿಲ್ಲ. "ಹೂ ಇನ್ನೂ ಬಂದಿಲ್ಲ. ಬಂದಾಗ ಹೇಳುತ್ತೇನೆ," ಎಂದು ಮರಾಠಿಯಲ್ಲಿ ಹೇಳಿ ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

ಸ್ಕ್ಯಾನ್ ಮೆಷಿನ್ನಿನೊಳಗೆ ಹೋದವರಿಗೆ ಅದರ ಸದ್ದು ಗೊತ್ತು. ಯಾರೋ ತಗಡಿನ ಬಾಗಿಲನ್ನು ನಮ್ಮ ಮೇಲೆ ಮುಚ್ಚಿ ಹೊರಗಿನಿಂದ ಬಡಿಯುತ್ತಿರುವಂತೆ ಇರುತ್ತದೆ. ದೇವರ ನಾಮ ಹೇಳಿಕೊಂಡೆ, ಅರ್ಧದಲ್ಲಿ ಮರೆತುಹೋಯಿತು. ಆಗ ಕಣ್ಣು ಮುಚ್ಚಿ ಕಳಮೇಶ್ವರದ ತಿರುವಿನಿಂದ ಶುರುಮಾಡಿದೆ. ಮೊದಲು ಒಣಗಿದ ನಾಲೆಯ ಮೇಲಿನ ಸೇತುವೆ. ಆಮೇಲೆ ನಾಯಿ ಅಟ್ಟಿಸಿಕೊಂಡು ಬರುವ ಮನೆ, ಅಲ್ಲಿ ಸ್ವಲ್ಪ ಜೋರು. ಸಂತ್ರಾ ತೋಟದ ಉದ್ದದ ಬೇಲಿ. ಹನುಮಂತನ ಕಟ್ಟೆ. ಅಲ್ಲಿಂದ ಸಣ್ಣ ಘಾಟ್, ಎರಡು ತಿರುವು, ಮೂರನೆಯದರಲ್ಲಿ ಯಾವಾಗಲೂ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಏರಿ, ಇಳಿದು, ತರ್ರಿ ಪೋಹಾ, ಖಾರದ ರಸ ಸುರಿದ ಅವಲಕ್ಕಿ, ಮಾರುವವನ ಗಾಡಿ ಇನ್ನೇನು ಬಂತು ಎನ್ನುವಾಗ ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಟೆಕ್ನಿಶಿಯನ್ ಕೂಗಿದ: "ಮ್ಯಾಡಮ್, ಪಾಯ್ ಹಲವೂ ನಕಾ!" ಕಾಲು ಅಲ್ಲಾಡಿಸಬೇಡಿ ಅಂತೆ. ನನಗೆ ತಿಳಿಯದೆಯೇ ಪೆಡಲ್ ಹೊಡೆಯುತ್ತಿದ್ದೆ. ಪೋಹಾ ತಿನ್ನದೆ ಹೊರಬಂದೆ.

ರಿಪೋರ್ಟ್ ಸ್ವಚ್ಛವಾಗಿತ್ತು. ತಲೆಯಲ್ಲಿ ಗಂಟೂ ಇಲ್ಲ, ಗೆಡ್ಡೆಯೂ ಇಲ್ಲ. ಇವರು ಕ್ಲಿನಿಕ್ಕಿನ ಹೊರಗೆ ಹೋಗಿ ಸ್ಕೂಟರಿನ ಕಡೆ ಮುಖ ಮಾಡಿ ಕರ್ಚೀಫಿನಿಂದ ಮೂಗು ಒರೆಸಿಕೊಂಡು ಬಂದರು. ಧೂಳು ಎಂದರು. ಡಾಕ್ಟರು ಮಾತ್ರ ನಗಲಿಲ್ಲ. "ಸ್ಕ್ಯಾನ್ ಚೆನ್ನಾಗಿದೆ. ಆದರೂ ಇಷ್ಟು ಹಳೆಯದಾದಾಗ ಎಚ್ಚರಿಕೆ ಬೇಕು. ಸೈಕಲ್ ಪೂರ್ತಿ ಬಂದ್. ಕಿವಿಯ ಡಾಕ್ಟರಿಗೆ ಒಮ್ಮೆ ತೋರಿಸಿ," ಎಂದರು. ಹಳೆಯದು ಎಂದದ್ದು ನನಗೇ ಎಂದುಕೊಂಡು ಬಾಯಿ ಬಿಗಿದು ಕುಳಿತೆ. ಐವತ್ತಾದ ಮೇಲೆ ಎಲ್ಲರೂ ಹಾಗೇ ಮಾತಾಡುತ್ತಾರೆ.

ಮಾರನೆಯ ದಿನವೇ ನನ್ನ ಸೈಕಲ್ಲಿನ ಸೀಟು ಕಾಣೆಯಾಯಿತು. ಕಳ್ಳರು ಎಂದು ಅನಘಾ ಗದ್ದಲ ಎಬ್ಬಿಸಿದಳು. ಎರಡು ದಿನ ಬಿಟ್ಟು ಇವರ ಡಬ್ಬಿಯ ಚಪಾತಿಗೆ ರಬ್ಬರಿನ ವಾಸನೆ ಯಾಕೆ ಎಂದು ಚೀಲ ತೆಗೆದು ನೋಡಿದರೆ, ಡಬ್ಬಿಯ ಮೇಲೆ ಸೀಟು. ದಿನಾ ಕಚೇರಿಗೆ ಒಯ್ದು, ಸಂಜೆ ಜೋಪಾನವಾಗಿ ವಾಪಸು ತರುತ್ತಿದ್ದರು.

"ಮನ್ಯಾಗ ಬಚ್ಚಿಡಬೇಕಿಲ್ಲೇನ್ರಿ?"

"ನೀನು ಹುಡುಕ್ತೀಯ."

"ಸೀಟಿಲ್ಲದನೂ ಹೊಡೀತೀನಿ ಅಂದ್ರ?"

ಇವರು ಆ ಸಾಧ್ಯತೆಯನ್ನು ಯೋಚಿಸಿರಲಿಲ್ಲ. ಮುಖ ಬಿಳಿಚಿಕೊಂಡಿತು. ಆ ಮುಖ ನೋಡಿ ನನ್ನ ಜಗಳದ ಉತ್ಸಾಹವೆಲ್ಲಾ ಇಳಿದುಹೋಯಿತು. ಹೆದರಿದ ಮನುಷ್ಯ ಎಂದು ಅನ್ನಿಸಿತು, ಹೆದರಿದ್ದು ನನಗಾಗಿ.

ಕಿವಿಯ ಡಾಕ್ಟರರ ಕಡೆ ಕಾಯುವ ಕೋಣೆಯಲ್ಲಿ ಅರ್ಧ ಮಂದಿಗೆ ಕಿವಿ ಕೇಳದು, ಉಳಿದರ್ಧಕ್ಕೆ ತಲೆ ನಿಲ್ಲದು. ರಿಸೆಪ್ಶನ್ನಿನ ಹುಡುಗಿ ಒಂದು ಗುಂಪಿಗಾಗಿ ಕಿರುಚಿದರೆ ಇನ್ನೊಂದು ಗುಂಪು ತಲೆ ಹಿಡಿದುಕೊಳ್ಳುತ್ತಿತ್ತು. ನನ್ನ ಪಕ್ಕದಲ್ಲಿ ಒಂಬತ್ತುವಾರಿ ಸೀರೆಯ ಒಬ್ಬ ಅಜ್ಜಿ ಕುಳಿತಿದ್ದರು. ನಾನು ಗೋಡೆ ಹಿಡಿದದ್ದು ನೋಡಿ, "ಪೋರೀ, ಏಕಾ ಜಾಗೀ ಬಘ್," ಎಂದರು, ಒಂದೇ ಕಡೆ ನೋಡು ಎಂದು. ನಾನು ಅವರ ಮೂಗಿನ ನತ್ತನ್ನೇ ನೋಡುತ್ತಾ ಕುಳಿತೆ. ನನ್ನ ಸರದಿ ಬರುವವರೆಗೆ ಆ ತಾಯಿ ಮುಖ ಅತ್ತಿತ್ತ ತಿರುಗಿಸಲೇ ಇಲ್ಲ. ಮನೆಯವರು ಮಾತಾಡಿಸಿದರೂ ಮುಂದೆ ನೋಡುತ್ತಲೇ ಉತ್ತರ ಕೊಟ್ಟರು. ಅವರ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಬೇಜಾರಾಗುತ್ತದೆ.

ಕಿವಿಯ ಡಾಕ್ಟರು ನನಗಿಂತ ಚಿಕ್ಕ ಹೆಂಗಸು, ಗಟ್ಟಿ ಕೈ. ನನ್ನನ್ನು ಮೇಜಿನ ಮೇಲೆ ಕೂಡಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಹೇಳದೆ ಕೇಳದೆ ಹಿಂದಕ್ಕೆ ಕೆಡವಿದರು. ಮೇಜು, ಕೋಣೆ, ನಾಗಪುರ ಎಲ್ಲಾ ಒಟ್ಟಿಗೆ ತಿರುಗಿದವು. "ಯವ್ವಾ ಸತ್ನೆವ್ವಾ!" ಎಂದು ಅವರ ಬಿಳಿ ಕೋಟು ಹಿಡಿದುಕೊಂಡೆ. ಅವರು ನನ್ನ ಕಣ್ಣನ್ನೇ ನೋಡುತ್ತಾ, "ವಾ! ಮಸ್ತ್! ಕಾಯ್ ಸುಂದರ್!" ಎಂದರು. ನನ್ನ ಕಣ್ಣನ್ನು ಹೊಗಳಿದವರನ್ನು ಕಂಡು ಬಹಳ ಕಾಲವಾಗಿತ್ತು. ಆಮೇಲೆ ತಿಳಿಯಿತು, ಕಣ್ಣಗುಡ್ಡೆ ಹೇಗೆ ಅಲ್ಲಾಡಬೇಕೋ ಬರೋಬರ್ ಹಾಗೇ ಅಲ್ಲಾಡಿತ್ತಂತೆ.

"ಇದು ಕಿವಿಯದೇ ಕಾಯಿಲೆ, ಸಂಶಯವಿಲ್ಲ," ಎಂದರು ಡಾಕ್ಟರು. "ಆದರೆ ಇದು ದಿನಕ್ಕೆ ಎರಡು ತಾಸು ಇರುವಂಥದ್ದಲ್ಲ. ಎಂಟು ವರ್ಷ ಹೇಗೆ ತಡೆದುಕೊಂಡಿರಿ?"

"ಯಾವ ಎಂಟು ವರ್ಷ?" ಎಂದೆ.

"ನಿಮ್ಮ ಡಾಕ್ಟರು ಫೋನಿನಲ್ಲಿ ಹೇಳಿದರಲ್ಲ. ದಿನಾ ಬೆಳಿಗ್ಗೆ, ಕಾಡಿನಲ್ಲಿ, ಇನ್ನೂ ಮೂವರಿಗೆ."

ನಾನು ಇವರ ಕಡೆ ನೋಡಿದೆ. ಇವರು ಗೋಡೆಯ ಮೇಲಿನ ಕಿವಿಯ ಚಿತ್ರ ನೋಡಿದರು. ಅನಘಾಳಿಗೆ ಮೊದಲು ತಿಳಿಯಿತು. "ಪಪ್ಪಾ! ತುಮ್ಹೀ ಸೈಕಲ್ ಚಾ ಚಕ್ಕರ್ ಸಾಂಗಿತಲಾ?" ಎಂದಳು, ನೀವು ಸೈಕಲ್ಲಿನ ಚಕ್ಕರ್ ಹೇಳಿದಿರಾ ಎಂದು ಹಣೆ ಬಡಿದುಕೊಂಡು. ಇವರು ಸಣ್ಣ ದನಿಯಲ್ಲಿ ಮೊದಲಿಂದ ಎಲ್ಲಾ ಹೇಳಿದರು, ರಜೆಯ ದಿನದ ಮಾತೂ ಬಿಡದೆ. ಡಾಕ್ಟರು ನಕ್ಕೂ ನಕ್ಕೂ ಸ್ಟೂಲಿನ ಮೇಲೆ ಕುಳಿತರು. ನನಗೂ ನಗಬೇಕಿತ್ತು, ಬಕೆಟ್ ಮನೆಯಲ್ಲಿತ್ತು.

ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ಬಿಟ್ಟಿವೆ, ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿದರೆ ವಾಪಸು ಹೋಗುತ್ತವೆ ಎಂದರು. ಹಾಗೇ ಹೊರಳಿಸಿದರು. ರೊಟ್ಟಿ ಮಗುಚಿದಷ್ಟು ಸಲೀಸು ಅವರಿಗೆ. ಮತ್ತೆ ಬರಬಹುದು, ಬಂದರೆ ಮನೆಯಲ್ಲೇ ಹೀಗೆ ಮಾಡಿ, ಕೆಲವು ವಾರ ಬಿಟ್ಟು ಸೈಕಲ್ ಹೊಡೆಯಿರಿ, ಮೊದಮೊದಲು ತಲೆಯನ್ನು ಗಬಕ್ಕನೆ ತಿರುಗಿಸಬೇಡಿ. ಇಷ್ಟೇ ಔಷಧ. ಆದರೆ ಹರಳು ಎಂಬ ಮಾತು ಮೈಸೂರಿಗೆ ಮುಟ್ಟಿ, ಅತ್ತೆ ಮೂತ್ರದ ಕಲ್ಲಿಗೆ ಹೇಳುವ ಪಥ್ಯವನ್ನೆಲ್ಲಾ ಹೇಳಿದರು. ಕಳಮನಾ ಮಾರುಕಟ್ಟೆಯ ಹತ್ತಿರ ಎಲ್ಲಿಂದಲೋ ಇವರು ಬಾಳೆದಿಂಡು ತಂದೇ ತಂದರು. ಕಿವಿಯ ಕಲ್ಲು ಕರಗಲೆಂದು ಒಂದು ವಾರ ದಿಂಡಿನ ಪಲ್ಯ, ದಿಂಡಿನ ಮೊಸರುಬಜ್ಜಿ. ಕರಗಿತೋ ಇಲ್ಲವೋ, ಮನೆಯವರೆಲ್ಲರ ಹೊಟ್ಟೆ ಸ್ವಚ್ಛವಾಯಿತು.

ತಿರುಗುವುದು ನಿಂತಿತು. ಹೆದರಿಕೆ ನಿಲ್ಲಲಿಲ್ಲ. ಇದನ್ನು ಯಾವ ಡಾಕ್ಟರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಯಾರಾದರೂ ಹಿಂದಿನಿಂದ ಕರೆದರೆ ಕುತ್ತಿಗೆ ತಿರುಗಿಸದೆ ಇಡೀ ಮೈ ತಿರುಗಿಸುತ್ತಿದ್ದೆ, ಪಾದದಿಂದ ಶುರುಮಾಡಿ. ತರಗತಿಯಲ್ಲಿ ಹುಡುಗರು ಹಿಂದಿನಿಂದ ಏನು ಬೇಕಾದರೂ ಮಾಡಬಹುದೆಂದು ಕಂಡುಕೊಂಡರು. ಮೇಲಿನ ಕಪಾಟಿನ ಡಬ್ಬಿಗಳು ಅಲ್ಲೇ ಉಳಿದವು. ಸೀಟು ವಾಪಸು ಸಿಕ್ಕ ಮೇಲೂ ಸೈಕಲ್ ಹೊರಗೆ ಬರಲಿಲ್ಲ. ಹಿಂದೆ ತಿರುಗಿ ನೋಡದೆ ರಸ್ತೆಯಲ್ಲಿ ಸೈಕಲ್ ಹೊಡೆಯುವುದು ಹೇಗೆ? ಅನಘಾ ಹ್ಯಾಂಡಲ್ಲಿಗೆ ಒಂದು ಕನ್ನಡಿ ತಂದು ಹಾಕಿದಳು. ಅದರಲ್ಲಿ ನನ್ನ ಮೊಣಕೈ ಬಿಟ್ಟು ಬೇರೇನೂ ಕಾಣಲಿಲ್ಲ.

ಫೆಬ್ರವರಿಯಲ್ಲಿ ಕುಂದಾತಾಯಿ ಫೋನ್ ಮಾಡಿ, "ಹೂ ಬಂತು," ಎಂದಷ್ಟೇ ಹೇಳಿ ಇಟ್ಟರು. ನಾನು ಫೋನ್ ಹಿಡಿದು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಇವರು ಬಾಗಿಲಲ್ಲಿ ಬಂದು ನಿಂತು, ಬಹಳ ಯೋಚನೆ ಮಾಡಿದವರ ಹಾಗೆ ಹೇಳಿದರು: "ನಾನು ಸ್ಕೂಟರಲ್ಲಿ ಹಿಂದೆ ಬರ್ತೀನಿ. ಹಿಂದೆ ಏನಿದೆ ಅಂತ ನಾನು ಹೇಳ್ತೀನಿ. ನೀನು ಮುಂದೆ ನೋಡ್ಕೊಂಡು ಹೊಡಿ."

ಭಾನುವಾರ ಹೊರಟೆವು. ಇವರು ಹೆಲ್ಮೆಟ್, ಸ್ವೆಟರ್, ಮಂಕಿ ಟೋಪಿ, ಎಲ್ಲಾ ಒಂದರ ಮೇಲೊಂದು ಹಾಕಿಕೊಂಡು ಹಿಂದೆ ಬಂದರು. ನಾವು ನಾಲ್ವರು ಮುಂದೆ.

"ಟ್ರಕ್! ಟ್ರಕ್!" ಜೊತೆಗೆ ಹಾರ್ನು.

"ಎಷ್ಟು ದೂರ ಐತ್ರಿ?"

"ಇನ್ನೂ ಕಾಣ್ತಿಲ್ಲ. ಆದ್ರೆ ಬರಬಹುದು!"

ಕಳಮೇಶ್ವರ ದಾಟುವವರೆಗೆ ಬಂದ ಟ್ರಕ್, ಬರದ ಟ್ರಕ್, ಎತ್ತು, ಹಂದಿ, ಎಲ್ಲದರ ವರದಿಯೂ ಆಯಿತು. ಕುಂದಾತಾಯಿ ತಡೆಯುವಷ್ಟು ತಡೆದರು. ಒಳರಸ್ತೆಗೆ ತಿರುಗಿದ ಮೇಲೆ, "ವಹಿನೀ, ಮುಂದೆ ಪೋಹಾ ಗಾಡಿಯ ಹತ್ತಿರ ಸಿಗೋಣ," ಎಂದು ನನಗೆ ಹೇಳಿ ಉಳಿದಿಬ್ಬರನ್ನೂ ಕರೆದುಕೊಂಡು ಜಲ್ದಿ ಜಲ್ದಿ ಪೆಡಲ್ ತುಳಿದು ಕಣ್ಮರೆಯಾದರು.

ತೋಟದ ಬೇಲಿ ಶುರುವಾದ ಕೂಡಲೇ ವಾಸನೆ ಬಂತು. ನಾನು ಸುಮ್ಮನೆ ತುಳಿಯುತ್ತಾ ಹೋದೆ. ಹನುಮಂತನ ಕಟ್ಟೆ ದಾಟಿತು. ಘಾಟ್ ಬಂತು. ಮೊದಲ ತಿರುವು, ಎರಡನೆಯದು. ಸಾಗವಾನಿಯ ಒಣ ಎಲೆಗಳ ಮೇಲೆ ಏನೋ ಓಡಿದ ಸದ್ದಾಯಿತು. ಚೈನಿನ ಸದ್ದು, ನನ್ನ ಉಸಿರಿನ ಸದ್ದು. ಮೂರನೆಯ ತಿರುವಿನಲ್ಲಿ ಉಸಿರು ಸಿಕ್ಕಿಕೊಂಡಾಗ ಅನ್ನಿಸಿತು, ಇಷ್ಟು ನಿಶ್ಶಬ್ದ ಯಾಕೆ?

"ರೀ?"

ಹಾರ್ನೂ ಇಲ್ಲ, ವರದಿಯೂ ಇಲ್ಲ.

"ರೀ, ಹಿಂದ ಯಾರರ ಬರಾಕತ್ತಾರೇನು?"

ಏರಿನ ನಡುವೆ ಕಾಲು ಊರಿದರೆ ನನ್ನಂಥವಳಿಗೆ ಮತ್ತೆ ಹತ್ತಲು ಆಗುವುದಿಲ್ಲ. ಇಳಿದು ಪಾದದಿಂದ ಮೈ ತಿರುಗಿಸಲು ಜಾಗವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಹ್ಯಾಂಡಲ್ ಗಟ್ಟಿ ಹಿಡಿದೆ, ಹಲ್ಲು ಕಚ್ಚಿದೆ, ಗಲ್ಲವನ್ನು ಭುಜದ ಮೇಲೆ ತಂದೆ, ಕಣ್ಣು ಬಿಟ್ಟು ಹಿಂದೆ ನೋಡಿದೆ.

ರಸ್ತೆ ಇದ್ದಲ್ಲೇ ಇತ್ತು. ಮರಗಳು ಇದ್ದಲ್ಲೇ ಇದ್ದವು. ಇದ್ದಲ್ಲಿ ಇರದವರು ಇವರೊಬ್ಬರೇ.

ಘಾಟಿನ ಮೇಲೆ ಮುಟ್ಟುವ ಹೊತ್ತಿಗೆ ಫೋನ್ ಬಂತು. "ಸ್ಕೂಟರ್ ನಿಂತುಹೋಗಿದೆ ಕಣೇ. ಹನುಮಂತನ ಕಟ್ಟೆ ಹತ್ರಾನೇ. ಕೂಗಿದ್ರೆ ನೀನು ಹಿಂದೆ ತಿರುಗ್ತೀಯ ಅಂತ ಕೂಗಲಿಲ್ಲ."

"ಅಂದ್ರ, ಅಲ್ಲಿಂದ ನನ್ನ ಹಿಂದ ಯಾರಿದ್ರು?"

"ಯಾರೂ ಇರಲಿಲ್ಲ," ಎಂದರು. "ಅಲ್ಲೇ ಇರು. ಇಳೀಬೇಡ. ನಾನೇ ತಳ್ಕೊಂಡು ಬರ್ತೀನಿ."

"ಘಾಟ್ ಮ್ಯಾಲೆ ಸ್ಕೂಟರ್ ತಳ್ಳತೀರೇನು, ಈ ವಯಸ್ಸಿನ್ಯಾಗ? ಸುಮ್ಮ ಕಟ್ಟೀ ಮ್ಯಾಲೆ ಕುಂಡ್ರಿ. ನಾ ಬಂದೆ."

ಸೈಕಲ್ ತಿರುಗಿಸಿ ಇವರನ್ನು ಕರೆತರಲು ಇಳಿಯತೊಡಗಿದೆ. ಇಳಿಯುವಾಗ ಎರಡು ಸಲ ಕುತ್ತಿಗೆಯಷ್ಟೇ ತಿರುಗಿಸಿ ಹಿಂದೆ ನೋಡಿದೆ. ನೋಡುವಂಥದ್ದೇನೂ ಅಲ್ಲಿರಲಿಲ್ಲ.